ಮೂರು ಸಲ ಕೂಗಿದ ಹೆಸರು

ನನ್ನ ಮೊಬೈಲಿನ ನೆತ್ತಿಯ ಮೇಲೆ ಆಗಾಗ ಒಂದು ಪುಟ್ಟ ವಿಮಾನ ಬಂದು ಕೂಡುತ್ತದೆ. ಅದು ಕೂತಿತೆಂದರೆ ಫೋನು ಬರುವುದಿಲ್ಲ, ಹೋಗುವುದೂ ಇಲ್ಲ. ವಿಮಾನ ಹತ್ತಿದವರು ಒತ್ತಬೇಕಾದ ಗುಂಡಿ ಅದು. ನಾನು ಒತ್ತುವುದು ಹಾನಗಲ್ಲಿನಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ಪೈಜಾಮ ಹಾಕಿಕೊಂಡು ಕಂಬಕ್ಕೆ ಒರಗಿ ಕೂತಾಗ. ನನ್ನ ಹೆಂಡತಿ ಮಾಲತಿಗೆ ಇದು ಸೇರುವುದಿಲ್ಲ.

‘ದನದ ಡಾಕ್ಟರ್ರು ಫೋನ್ ಬಂದ್ ಇಟ್ಟು ಕೂತರ, ಈಯಲಾರದ ಎಮ್ಮಿ ಯಾರಿಗೆ ಫೋನ್ ಮಾಡಬೇಕು?’ ಎನ್ನುತ್ತಾಳೆ.

ಪ್ರಶ್ನೆ ನ್ಯಾಯವಾದದ್ದೇ. ನಾನು ಹಾನಗಲ್ಲಿನ ಪಶು ಆಸ್ಪತ್ರೆಯಲ್ಲಿ ವೈದ್ಯ. ಕೆಲಸದ ಹೊತ್ತಿನಲ್ಲಿ ಫೋನು ತೆರೆದೇ ಇರುತ್ತದೆ. ಆದರೆ ದಿನಕ್ಕೆ ಕಾಲು ಗಂಟೆ ಅದನ್ನು ಮುಚ್ಚಿ, ಕಿವಿಗೆ ವೈರು ಸಿಕ್ಕಿಸಿಕೊಂಡು, ಪರದೆಯ ಮೇಲೆ ಹಿಗ್ಗಿ ಕುಗ್ಗುವ ನೀಲಿ ವರ್ತುಲವನ್ನು ನೋಡುತ್ತ ಉಸಿರಾಡುವುದು ನನ್ನ ರೂಢಿ. ವರ್ತುಲ ಹಿಗ್ಗಿದಾಗ ಉಸಿರು ಒಳಗೆ, ಕುಗ್ಗಿದಾಗ ಹೊರಗೆ. ಇದೆಲ್ಲ ನೆಟ್ ಇಲ್ಲದೆಯೇ ನಡೆಯುತ್ತದೆ. ಮೋಡದ ಮೇಲೆ ನೆಟ್ ಸಿಗುವುದಿಲ್ಲವಾದ್ದರಿಂದ ಮೊದಲೇ ಇಳಿಸಿಟ್ಟುಕೊಂಡದ್ದು.

ಹೌದು, ನನಗೆ ವಿಮಾನವೆಂದರೆ ಹೆದರಿಕೆ. ನೀವು ನಗಬಹುದು. ನಕ್ಕುಬಿಟ್ಟರೆ ನನಗೂ ಮುಂದಿನದನ್ನು ಹೇಳುವುದು ಸಲೀಸಾಗುತ್ತದೆ.

ನನ್ನ ಮಗಳು ರಮಾ ಶಿಗ್ಗಾಂವದಲ್ಲಿ ಕಾಲೇಜು ಉಪನ್ಯಾಸಕಿ. ಈ ಎಲ್ಲ ಸಲಕರಣೆಗಳನ್ನು ಫೋನಿಗೆ ತುಂಬಿಕೊಟ್ಟವಳು ಅವಳೇ. ‘ಅಪ್ಪಾ, ಸುಮ್ಮನ ಮನ್ಯಾಗ ಕೂತು ಮಾಡಬ್ಯಾಡ. ಅಲುಗಾಡೂ ಜಾಗಾದಾಗ ರೂಢಿ ಮಾಡ್ಕೋ’ ಎಂದಿದ್ದಳು. ಅಲುಗಾಡುವ ಜಾಗಕ್ಕೆ ನಮ್ಮ ಕಡೆ ಬರಗಾಲವಿಲ್ಲ. ಒಂದು ರವಿವಾರ ಸೋದರಮಾವನ ಮಗನನ್ನು ಕಾಣಲು ಹಂಸಭಾವಿಗೆ ಹೊರಟವನು ಬಸ್ಸಿನಲ್ಲೇ ಅಭ್ಯಾಸ ಶುರುಮಾಡಿದೆ. ಕಣ್ಣು ಮುಚ್ಚಿದೆ. ಮೂಗಿನಿಂದ ಎಳೆದುಕೊಂಡೆ, ತಡೆದೆ, ಬಾಯಿಂದ ‘ಹೂ’ ಎಂದು ಬಿಟ್ಟೆ. ಪಕ್ಕದಲ್ಲಿ ಹಸಿಮೆಣಸಿನಕಾಯಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸು ಏನೋ ಕೇಳಿದಳಂತೆ. ನನ್ನ ಕಿವಿಯಲ್ಲಿ ವೈರು. ಕೇಳಿಸಲಿಲ್ಲ.

‘ಕಂಡಕ್ಟರ್ರ, ಗಾಡಿ ನಿಂದರಸ್ರಿ! ಇವ್ರಿಗೆ ಏನೋ ಆಗಾಕತ್ತೈತಿ!’

ನಾನು ಕಣ್ಣು ತೆರೆದಾಗ ಬಸ್ಸು ಗೋವಿನಜೋಳದ ಹೊಲದ ಪಕ್ಕ ನಿಂತಿತ್ತು. ಒಬ್ಬರು ನನ್ನ ಅಂಗಿಯ ಗುಂಡಿ ಬಿಚ್ಚುತ್ತಿದ್ದರು, ಒಬ್ಬರು ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದರು, ಇನ್ನೊಬ್ಬರು ನೆತ್ತಿಗೆ ನೀರು ತಟ್ಟುತ್ತಿದ್ದರು. ಕಂಡಕ್ಟರು ಬಗ್ಗಿ, ‘ಸರ, ದವಾಖಾನಿಗೆ ಹೊಡಸ್ಲೇನ್ರಿ ಗಾಡಿ?’ ಎಂದರು.

ವಿಮಾನದಲ್ಲಿ ಕೂಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೆ ಎಂದು ಆ ಜನರಿಗೆ ಹೇಗೆ ಹೇಳಲಿ? ‘ಏನಿಲ್ರಿ, ಗ್ಯಾಸು’ ಎಂದೆ. ಇಡೀ ಬಸ್ಸು ನಿಟ್ಟುಸಿರು ಬಿಟ್ಟಿತು. ಆ ಹೆಂಗಸು ಸೊಂಟದ ಸಂಚಿಯಿಂದ ಅಜವಾನ ತೆಗೆದು ಅಂಗೈ ತುಂಬ ಕೊಟ್ಟಳು. ಹಂಸಭಾವಿ ಬರುವವರೆಗೆ ಅದನ್ನು ಜಗಿಯುತ್ತ ಕೂತೆ.

ಸುಳ್ಳು ಹೇಳುವುದು ನನಗೆ ಆಗಲೇ ರೂಢಿಯಾಗಿತ್ತು. ಗ್ಯಾಸಿನದು ಸಣ್ಣ ಸುಳ್ಳು. ದೊಡ್ಡದನ್ನು ಹೇಳಬೇಕೆಂದೇ ಇವತ್ತು ಕೂತಿದ್ದೇನೆ, ಧೈರ್ಯ ಬರಲಿ ಎಂದು ಸ್ವಲ್ಪ ಅತ್ತಿತ್ತ ಸುತ್ತುತ್ತಿದ್ದೇನೆ ಅಷ್ಟೆ.

ನಮ್ಮದು ಸವಣೂರಿನ ಮನೆತನ. ಅಜ್ಜ ಪುರಾಣ ಹೇಳುತ್ತಿದ್ದರು. ಸಂಜೆ ಪಡಸಾಲೆಯಲ್ಲಿ ಓಣಿಯ ಹೆಂಗಸರು ಬತ್ತಿ ಹೊಸೆಯುತ್ತ ಕೂತು ಕೇಳುತ್ತಿದ್ದರು. ಅಜ್ಜನ ಪುರಾಣದಲ್ಲಿ ಯಾವ ಒಳ್ಳೆಯ ಕೆಲಸ ನಡೆದರೂ ದೇವತೆಗಳು ವಿಮಾನದಲ್ಲಿ ಬಂದು ಹೂವು ಸುರಿಸುತ್ತಿದ್ದರು. ಒಂದು ದಿನ ನಾನು, ‘ಅಜ್ಜಾ, ಅವರು ಯಾರೂ ಕೆಳಗ ಬೀಳೂದಿಲ್ಲೇನು?’ ಎಂದು ಕೇಳಿದೆ.

‘ಪುಣ್ಯ ತೀರಿದವರು ಬೀಳ್ತಾರ’ ಎಂದರು ಅಜ್ಜ, ಪುಟ ತಿರುವುತ್ತ.

ನನಗೆ ಆಗ ಆರು ವರ್ಷ. ಅವತ್ತು ಬೆಳಿಗ್ಗೆಯೇ ಅಡಕಲು ಗಡಿಗೆಯಿಂದ ಬೆಲ್ಲ ಕದ್ದಿದ್ದೆ. ನನ್ನ ಹತ್ತಿರ ಪುಣ್ಯ ಎಷ್ಟಿದ್ದೀತೆಂದು ಅಂದಾಜು ಹಾಕಿ ಗಾಬರಿಯಾದೆ. ಆಮೇಲೆ ಊರ ಮೇಲೆ ವಿಮಾನ ಹೋದಾಗ ಉಳಿದ ಹುಡುಗರು ಅಂಗಳಕ್ಕೆ ಓಡಿದರೆ ನಾನು ಅಡಿಗೆಮನೆಗೆ ಓಡುತ್ತಿದ್ದೆ. ಯಾವ ದೇವತೆಯ ಪುಣ್ಯ ಯಾವಾಗ ತೀರುತ್ತದೋ ಯಾರಿಗೆ ಗೊತ್ತು?

ಬೇಸಿಗೆ ರಜೆಗೆ ನಾನೂ ಅಕ್ಕನೂ ಹಂಸಭಾವಿಗೆ, ಅವ್ವನ ತವರಿಗೆ ಹೋಗುತ್ತಿದ್ದೆವು. ಅಕ್ಕನ ಹೆಸರು ಇಂದಿರಾ, ನನಗಿಂತ ಆರು ವರ್ಷ ದೊಡ್ಡವಳು. ಅಲ್ಲಿ ಹೊಲದಲ್ಲಿ ಒಂದು ದೊಡ್ಡ ಬಾವಿ. ಹುಡುಗರೆಲ್ಲ ದಂಡೆಯಿಂದ ಧುಮುಕುತ್ತಿದ್ದರು. ಅಕ್ಕ ಲಂಗ ಕಚ್ಚೆ ಹಾಕಿಕೊಂಡು ಅವರಿಗಿಂತ ಮೇಲಿನ ಕಲ್ಲಿನಿಂದ ಧುಮುಕುತ್ತಿದ್ದಳು. ಆಮೇಲೆ ನೀರಿನಿಂದ ತಲೆಯೆತ್ತಿ ಕೂಗುತ್ತಿದ್ದಳು: ‘ಜಿಗಿಯೋ ರಾಘು, ನಾ ಹಿಡೀತೇನಿ!’

ನಾನು ಜಿಗಿಯಲಿಲ್ಲ. ಎಲ್ಲರ ಅಂಗಿ ಚಡ್ಡಿಗಳನ್ನು ಕಾಯುವ ಕೆಲಸ ನನ್ನದಾಯಿತು. ಐದು ಬೇಸಿಗೆ ಕಾಯ್ದೆ. ಒಂದು ಗುಂಡಿ ಕೂಡ ಕಳೆದುಹೋಗಲಿಲ್ಲ ಎಂಬುದು ನನ್ನ ಹೆಮ್ಮೆ.

ಇಂಥವನು ದನದ ಡಾಕ್ಟರನಾದದ್ದು ಹೇಗೆಂದು ಕೇಳಬೇಡಿ. ಒದೆಯುವ ಎತ್ತಿನ ಹಿಂದೆ ನಿಲ್ಲಲು ನನಗೆ ಎಂದೂ ಹೆದರಿಕೆಯಾಗಿಲ್ಲ, ಕಾಲು ನೆಲದ ಮೇಲಿರುತ್ತದಲ್ಲ. ಸುತ್ತಲ ಹಳ್ಳಿಗಳಲ್ಲಿ ‘ಡಾಕ್ಟರ್ ಬಾಳ ಗಟ್ಟಿ ಮನಷ್ಯಾ’ ಎಂಬ ಹೆಸರೂ ಬಂತು. ಆ ಹೆಸರು ಕೇಳಿದಾಗಲೆಲ್ಲ ಅವರ ಜೇಬಿನಿಂದ ಏನೋ ಎತ್ತಿಕೊಂಡಂತೆ ಅನ್ನಿಸುತ್ತದೆ.

ಇನ್ನು ಸುತ್ತಿದ್ದು ಸಾಕು.

ಅಕ್ಕನನ್ನು ದಿಲ್ಲಿಗೆ ಕೊಟ್ಟಿತ್ತು. ಭಾವ ಅಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು. ಮದುವೆಯಾಗಿ ಹೋದವಳನ್ನು ಯಲವಿಗಿ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿ, ಗಾಡಿ ಮರೆಯಾಗುವವರೆಗೆ ಅವ್ವ ಸೆರಗು ಬೀಸುತ್ತ ನಿಂತದ್ದು ನನಗೆ ನೆನಪಿದೆ. ಅವರಿಗೆ ಮಕ್ಕಳಾಗಲಿಲ್ಲ. ಭಾವನ ಅಣ್ಣನ ಮಗ ಗುರು, ಎಳೆವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವನು, ಅವರ ಮನೆಯಲ್ಲೇ ಇದ್ದು ಓದಿದ. ಈಗ ಹುಬ್ಬಳ್ಳಿಯಲ್ಲಿ ಇಂಜಿನಿಯರು. ಅಕ್ಕನನ್ನು ‘ಕಾಕು’ ಎನ್ನುತ್ತಾನೆ. ಕರೆಯುವುದು ಕಾಕು ಎಂದು, ಆದರೆ ಅವನಿಗೆ ಅವಳೇ ಅವ್ವ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಅಕ್ಕನ ಫೋನು ಬಂತು. ಭಾವ ಸ್ನಾನಕ್ಕೆ ಹೋದವರು ಅಲ್ಲೇ ಕುಸಿದಿದ್ದರು. ಆಸ್ಪತ್ರೆಗೆ ಒಯ್ಯುವುದರೊಳಗೆ ಮುಗಿದಿತ್ತು.

‘ರಾಘು, ನೀ ಬಾ. ತವರಿನವರಂತ ನನಗ ನೀ ಒಬ್ಬನ. ನೀ ಬರೂತನಕಾ ಕಾಯ್ರಿ ಅಂತ ಹೇಳೇನಿ’ ಎಂದಳು. ಅಳಲಿಲ್ಲ. ದನಿ ಒಣಗಿತ್ತು.

ರಮಾ ಹುಬ್ಬಳ್ಳಿಯಿಂದ ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ಟು ತೆಗೆಸಿದಳು, ತಾನೇ ಕಾರಿನಲ್ಲಿ ಕರೆದೊಯ್ದು ನಿಲ್ದಾಣದ ಬಾಗಿಲಲ್ಲಿ ಇಳಿಸಿ ಹೋದಳು. ಚೀಟಿ ತೋರಿಸಿದೆ, ಚೀಲ ತೋರಿಸಿದೆ, ಕೈಯೆತ್ತಿ ತಪಾಸಣೆ ಮಾಡಿಸಿಕೊಂಡೆ. ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಗಾಜಿನ ಆಚೆ ವಿಮಾನ ಬಂದು ನಿಂತಿತು. ಜನ ಸಾಲಾಗಿ ನಿಂತರು. ನಾನೂ ನಿಂತೆ. ನನ್ನ ಮುಂದೆ ನಾಲ್ಕು ಜನ ಇದ್ದಾಗ ಎದೆ ಡವಗುಟ್ಟಿ ಕಿವಿಯಲ್ಲಿ ಬೇರೆ ಏನೂ ಕೇಳದಂತಾಯಿತು. ಸಾಲಿನಿಂದ ಹೊರಬಂದು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡೆ. ಮುಖ ತೊಳೆದು ಎರಡು ನಿಮಿಷದಲ್ಲಿ ಹೋಗುತ್ತೇನೆ ಎಂದುಕೊಂಡೆ.

ಅಲ್ಲಿ ಗೋಡೆಯ ಮೇಲೂ ಒಂದು ಸ್ಪೀಕರ್ ಇತ್ತು. ‘ದಿಲ್ಲಿಗೆ ತೆರಳುವ ಪ್ರಯಾಣಿಕ ರಾಘವೇಂದ್ರ ಕುಲಕರ್ಣಿ’ ಎಂದು ಕೂಗಿತು. ನಾನು ಕದದ ಚಿಲಕವನ್ನೇ ನೋಡುತ್ತ ಕೂತಿದ್ದೆ. ಎರಡನೆಯ ಸಲ ಕೂಗಿತು. ಮೂರನೆಯ ಸಲ, ಇದು ಕೊನೆಯ ಕರೆ ಎಂದು ಸೇರಿಸಿ ಕೂಗಿತು. ಐವತ್ತಾರು ವರ್ಷದ ಮನುಷ್ಯ, ಮಗಳ ಮದುವೆ ಮಾಡಿದವನು, ಅಕ್ಕನ ಗಂಡ ಸತ್ತ ದಿನ, ಕಕ್ಕಸಿನೊಳಗೆ ಚಿಲಕ ಹಾಕಿಕೊಂಡು ತನ್ನ ಹೆಸರು ನಿಲ್ಲಲಿ ಎಂದು ಕಾಯುತ್ತಿದ್ದೆ. ನಿಂತಿತು. ಸ್ವಲ್ಪ ಹೊತ್ತಿಗೆ ದೊಡ್ಡ ಸದ್ದೊಂದು ಎದ್ದು ದೂರವಾಯಿತು. ಆಗ ನನಗೆ ಆದದ್ದು ದುಃಖವಲ್ಲ, ಸಮಾಧಾನ. ಅದನ್ನು ಬರೆಯುವಾಗ ಈಗಲೂ ಕೈ ನಿಧಾನವಾಗುತ್ತದೆ.

ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ‘ಅಕ್ಕಾ, ವಿಮಾನ ರದ್ದಾತು.’

‘ಹೌದೇನೋ… ಇರ್ಲಿ, ಹಂಗಾರ ಸಂಜಿಗೆ ಮುಗಿಸ್ತಾರ. ನೀ ಹುಷಾರಲೇ ಬಾ’ ಎಂದಳು.

ರಮಾಳ ಫೋನು ಬಂತು. ‘ಅಪ್ಪಾ, ವಿಮಾನ ಹೊತ್ತಿಗೆ ಸರಿಯಾಗಿ ಹೋಗೇದಂತ ತೋರಸ್ಲಿಕ್ಕತ್ತದ. ನಿನ್ನ ಫೋನ್ ಇನ್ನೂ ಹತ್ತತದ. ಎಲ್ಲಿದ್ದಿ?’

‘ಹೊರಗ.’

‘ಅಲ್ಲೇ ಇರು. ಬರ್ತೇನಿ.’

ಅರ್ಧ ದಾರಿಯಿಂದ ತಿರುಗಿ ಬಂದಳು. ರೈಲು ನಿಲ್ದಾಣದ ಕಡೆ ಕಾರು ತಿರುಗಿಸುತ್ತ, ‘ಅತ್ಯಾಗ ಏನಂತ ಹೇಳಿದಿ?’ ಎಂದು ಒಂದೇ ಮಾತು ಕೇಳಿದಳು. ಹೇಳಿದೆ. ಅವಳು ರಸ್ತೆಯನ್ನೇ ನೋಡಿದಳು. ಅವಳು ಸಣ್ಣವಳಿದ್ದಾಗ, ಸುಳ್ಳು ಹೇಳಬಾರದೆಂದು ಕಿವಿ ಹಿಂಡಿದವನು ನಾನೇ.

ಮೂರನೆಯ ದಿನ ದಿಲ್ಲಿ ಮುಟ್ಟಿದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ‘ಬಂದೇನೋ’ ಎಂದು ಕೈ ಹಿಡಿದಳು. ‘ರೈಲಿನ್ಯಾಗ ಬಾಳ ತ್ರಾಸಾತೇನು?’ ಎಂದು ನನ್ನನ್ನೇ ಕೇಳಿದಳು. ಕರ್ಮ ಮಾಡುತ್ತಿದ್ದ ಗುರು ನನ್ನ ಜೊತೆ ಮಾತಾಡಲಿಲ್ಲ. ಅಕ್ಕನ ಜೊತೆಯೂ ಬೇಕಾದಷ್ಟೇ. ತಂದೆಯಂಥ ಕಾಕಾನನ್ನು ಕಳೆದುಕೊಂಡ ದುಃಖ ಎಂದುಕೊಂಡೆ.

ಈ ವರ್ಷ ಅಕ್ಕ ಮತ್ತೆ ಫೋನು ಮಾಡಿದಳು. ಎರಡೂ ಮೊಣಕಾಲು ಸವೆದಿವೆ, ದಿಲ್ಲಿಯ ಚಳಿ ಇನ್ನು ತಡೆಯುವುದಿಲ್ಲ, ಶಿಗ್ಗಾಂವದಲ್ಲಿ ರಮಾಳ ಮನೆಯ ಪಕ್ಕ ಸಣ್ಣ ಮನೆ ಸಿಕ್ಕರೆ ಬಂದು ಇರುತ್ತೇನೆ ಎಂದಳು. ‘ರೈಲಿನ್ಯಾಗ ಎರಡು ದಿನ ಕೂಡೂದು ಆಗೂದಿಲ್ಲೋ. ವಿಮಾನದಾಗ ಬರ್ತೇನಿ. ಆದ್ರ ಒಬ್ಬಾಕಿನ ಅಷ್ಟು ದೊಡ್ಡ ನಿಲ್ದಾಣದಾಗ ಹೆಂಗ ನಡೀಲಿ? ನೀ ಬಂದು ಕರಕೊಂಡು ಹೋಗು.’

‘ಬರ್ತೇನಿ’ ಎಂದೆ. ಹೇಳಿಬಿಟ್ಟ ಮೇಲೆ ಬೆವರು ಬಂತು. ಹೋಗುವಾಗ ರೈಲು ಇದೆ, ಬರುವಾಗ ಪಾರಾಗುವ ದಾರಿಯಿಲ್ಲ.

ಆಗಲೇ ರಮಾ ನನ್ನ ಫೋನು ಇಸಿದುಕೊಂಡದ್ದು. ಉಸಿರಿನ ವರ್ತುಲ ಹಾಕಿದಳು. ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡುವ ಒಬ್ಬ ಹೆಂಗಸಿನ ದನಿ ಇಳಿಸಿದಳು. ಬೆಚ್ಚಗಿನ ಮರಳಿನ ಮೇಲೆ ಮಲಗಿದ್ದೀರಿ ಎಂದು ಕಲ್ಪಿಸಿಕೊಳ್ಳಿ ಎನ್ನುತ್ತಿದ್ದಳು ಆಕೆ. ಬೆಚ್ಚಗಿನ ಮರಳೆಂದರೆ ನನಗೆ ಲಾರಿಯಿಂದ ಸುರಿದ ಮರಳು ನೆನಪಾಗುತ್ತಿತ್ತು, ಮನೆ ಕಟ್ಟುವ ಚಿಂತೆ ಹತ್ತುತ್ತಿತ್ತು. ಮೂರನೆಯದು ಒಂದು ಪಟ್ಟಿ, ರಮಾ ತಾನೇ ಕನ್ನಡದಲ್ಲಿ ಬರೆದದ್ದು. ‘ಕೆಳಗೆ ಗಡಗಡ ಸದ್ದು: ಸಾಮಾನು ತುಂಬುತ್ತಿದ್ದಾರೆ. ಏರಿದ ಮೇಲೆ ಧಡ್: ಗಾಲಿ ಒಳಗೆ ಹೋದವು. ಟಣ್ ಎಂಬ ಗಂಟೆ: ಯಾರಿಗೋ ನೀರು ಬೇಕಾಗಿದೆ. ಕುಲುಕಾಟ: ಗಾಳಿ. ನಮ್ಮ ರಸ್ತೆಗಿಂತ ಕಡಿಮೆ.’ ರೋಗಲಕ್ಷಣಗಳ ಪಟ್ಟಿಯಂತಿದ್ದ ಅದು ನನಗೆ ಹಿಡಿಸಿತು.

ಆದರೂ ಇಂಗ್ಲಿಷ್ ದನಿ ನನ್ನ ಮೇಲೆ ಕೆಲಸ ಮಾಡಲಿಲ್ಲ. ಮಾಡಿದ್ದು ಮೌಲಾಸಾಬನ ದನಿ. ಮೌಲಾಸಾಬ ನಮ್ಮ ಆಸ್ಪತ್ರೆಯ ಅಟೆಂಡರ್, ನನ್ನದೇ ವಯಸ್ಸು. ಎಂಥ ಬೆದರಿದ ಎತ್ತನ್ನೂ ಮಾತಿನಲ್ಲೇ ನಿಲ್ಲಿಸುತ್ತಾನೆ. ಒಂದು ದಿನ ಕೊಂಬು ಝಾಡಿಸುತ್ತಿದ್ದ ಕಿಲಾರಿ ಹೋರಿಗೆ ನಾನು ಸೂಜಿ ಹಾಕುತ್ತಿದ್ದೆ. ಅವನು ಅದರ ಕತ್ತಿನ ಕೆಳಗೆ ಸವರುತ್ತ ಹೇಳುತ್ತಿದ್ದ: ‘ಹೋ… ಹೋ… ನಿಂದರ ನನ್ನ ರಾಜಾ. ಏನೂ ಆಗೂದಿಲ್ಲೋ ಹುಚ್ಚ ಮಗನ. ಬಾಲಾ ಕೆಳಗ ಬಿಡು. ಸಣ್ಣದೊಂದು ಸೂಜಿ, ಅಷ್ಟ. ನಾ ಅದೇನಿ ಇಲ್ಲೆ.’ ಹೋರಿ ನಿಂತಿತು. ನನ್ನ ಹೆಗಲೂ ಸಡಿಲಾದದ್ದು ನನಗೆ ಆಗ ತಿಳಿಯಿತು.

ಮರುದಿನ ಅದೇ ಹೋರಿ ಮತ್ತೆ ಬಂದಾಗ ಜೇಬಿನಲ್ಲಿ ಫೋನು ಚಾಲೂ ಇಟ್ಟು, ಅವನಿಗೆ ಗೊತ್ತಾಗದಂತೆ ಆ ಮಾತು ತುಂಬಿಕೊಂಡೆ. ಊಟದ ಹೊತ್ತಿನಲ್ಲಿ ಖೋಲಿಯ ಬಾಗಿಲು ಹಾಕಿಕೊಂಡು ಕೇಳತೊಡಗಿದೆ. ಒಂದು ದಿನ ಬಾಗಿಲು ತೆರೆದುಕೊಂಡಿತು. ಮೌಲಾಸಾಬ ನಿಂತಿದ್ದ.

‘ಒಳಗ ನನ್ನ ದನಿ ಕೇಳಿಸ್ತ್ರಿ ಸಾಹೇಬ್ರ. ಯಾವ ದನಾ ಬಂದೈತಿ ಅಂತ ನೋಡಾಕ ಬಂದೆ’ ಎಂದ.

ಖೋಲಿಯಲ್ಲಿ ಬೇರೆ ದನ ಇರಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ. ಶೌಚಾಲಯದ ಸಂಗತಿಯನ್ನು ಬಿಟ್ಟು. ಅವನು ನಗಲಿಲ್ಲ.

‘ಅಂಜಿಕಿ ಎತ್ತಿಗೂ ಇರ್ತೈತ್ರಿ. ಎತ್ತಿಗೆ ನಾಚಿಕಿ ಇಲ್ಲ, ಹಂಗಾಗಿ ಲಗೂನ ಆರಾಮ ಆಕ್ಕೈತಿ’ ಎಂದ. ಆಮೇಲೆ, ‘ಇದರಾಗ ನಿಮಗ ಹುಚ್ಚ ಮಗನ ಅಂದಂಗ ಆತಲ್ರಿ. ಬ್ಯಾರೆ ತುಂಬಿ ಕೊಡ್ತೇನಿ, ಕೊಡ್ರಿ ಇಲ್ಲೆ’ ಎಂದು ಫೋನು ಇಸಿದುಕೊಂಡು ಕೆಮ್ಮಿ ಗಂಟಲು ಸರಿಮಾಡಿಕೊಂಡ. ‘ಸಾಹೇಬ್ರ, ನಿಂದರ್ರಿ. ಏನೂ ಆಗೂದಿಲ್ರಿ’ ಎಂದ. ಅದನ್ನು ಕೇಳಿದರೆ ಇಲಾಖೆಯ ಸುತ್ತೋಲೆ ಕೇಳಿದಂತಾಗುತ್ತಿತ್ತು. ಅವನಿಗೆ ಹೇಳಲಿಲ್ಲ, ಹೋರಿಗೆ ಹೇಳಿದ್ದನ್ನೇ ಉಳಿಸಿಕೊಂಡೆ.

ರೈಲಿನಲ್ಲಿ ದಿಲ್ಲಿಗೆ ಹೋದೆ. ಮನೆ ಖಾಲಿಯಾಗಿತ್ತು. ಅಕ್ಕ ಎರಡು ಪೆಟ್ಟಿಗೆ ಕಟ್ಟಿಟ್ಟು, ದಾರಿಗೆ ಚಕ್ಕುಲಿ ಮಾಡಿಕೊಂಡು, ಹೊಸ ಸೀರೆ ಉಟ್ಟು ಕೂತಿದ್ದಳು. ನಿಲ್ದಾಣದಲ್ಲಿ ಅವಳಿಗೆ ಗಾಲಿಕುರ್ಚಿ ಕೊಟ್ಟರು. ಅಂಥವರನ್ನು ಎಲ್ಲರಿಗಿಂತ ಮೊದಲು ಹತ್ತಿಸುತ್ತಾರೆ. ಸಾಲಿನಲ್ಲಿ ನಿಂತು ಯೋಚಿಸಲು ಹೊತ್ತೇ ಸಿಗಲಿಲ್ಲ. ಅಕ್ಕನ ಕೈಚೀಲ ನನ್ನ ಹೆಗಲಲ್ಲಿತ್ತು, ಅದರಲ್ಲಿ ಅವಳ ಗುಳಿಗೆ, ಕನ್ನಡಕ ಎಲ್ಲ. ಅದನ್ನು ಹೊತ್ತುಕೊಂಡು ಓಡಿಹೋಗುವಷ್ಟು ಕೆಟ್ಟವನಲ್ಲ ನಾನು ಎಂದು ನನಗೆ ನಾನೇ ಹೇಳಿಕೊಂಡೆ. ವರ್ತುಲ ಹಿಗ್ಗಿತು, ಕುಗ್ಗಿತು. ನಾನು ವಿಮಾನದೊಳಗಿದ್ದೆ.

ಕಿಡಕಿಯ ಪಕ್ಕ ಅಕ್ಕ, ನಡುವೆ ನಾನು, ಆಚೆ ಬದಿಗೆ ದಪ್ಪ ಮೀಸೆಯ ಒಬ್ಬ ಯಜಮಾನರು. ಫೋನಿನ ನೆತ್ತಿಗೆ ವಿಮಾನ ಬಂದು ಕೂತಿತು, ಈ ಸಲ ಸರಿಯಾದ ಜಾಗದಲ್ಲಿ. ಗಡಗಡ ಎಂದಿತು: ಸಾಮಾನು. ವೇಗ ಹೆಚ್ಚಿತು, ಬೆನ್ನು ಕುರ್ಚಿಗೆ ಒತ್ತಿತು. ನಾನು ಕಣ್ಣು ಮುಚ್ಚಿ ಮೌಲಾಸಾಬನನ್ನು ಒತ್ತಿದೆ. ಕಿವಿಯಲ್ಲಿ ದನಿ ಬರಲಿಲ್ಲ. ಇನ್ನಷ್ಟು ಜೋರು ಮಾಡಿದೆ.

‘ಹೋ… ಹೋ… ನಿಂದರ ನನ್ನ ರಾಜಾ! ಏನೂ ಆಗೂದಿಲ್ಲೋ ಹುಚ್ಚ ಮಗನ! ಬಾಲಾ ಕೆಳಗ ಬಿಡು!’

ವೈರಿನ ಪಿನ್ನು ಅರ್ಧ ಕಿತ್ತುಬಂದಿತ್ತು. ದನಿ ಬಂದದ್ದು ಕಿವಿಗಲ್ಲ, ವಿಮಾನಕ್ಕೆ. ಬೇರೆ ಊರಿನ ವಿಮಾನವಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇದು ಹುಬ್ಬಳ್ಳಿಗೆ ಹೋಗುವುದು, ಮುಕ್ಕಾಲು ಜನ ನಮ್ಮವರೇ. ಮುಂದಿನ ಸಾಲಿನ ತಲೆಗಳೆಲ್ಲ ತಿರುಗಿದವು. ಎಲ್ಲೋ ಹಿಂದೆ ಒಬ್ಬಳು ಕಿಸಕ್ಕನೆ ನಕ್ಕಳು. ಗುಂಡಿ ತಪ್ಪಿ ತಪ್ಪಿ ಒತ್ತಿ ಅದನ್ನು ಆರಿಸುವಷ್ಟರಲ್ಲಿ ಸಣ್ಣ ಸೂಜಿಯ ಮಾತೂ ಆಗಿಹೋಯಿತು.

ಮೀಸೆಯ ಯಜಮಾನರು ಬಗ್ಗಿ, ಬಹಳ ಮರ್ಯಾದೆಯಿಂದ, ‘ಹೋರಿ ಯಾವ ತಳೀರಿ ಸರ? ಕಿಲಾರಿ ಏನ್ರಿ?’ ಎಂದು ಕೇಳಿದರು.

‘ಹೌದ್ರಿ’ ಎಂದೆ.

ಅಕ್ಕ ನನ್ನ ಮುಖ ನೋಡಿದಳು, ಕೈ ನೋಡಿದಳು. ‘ಇದೇನೋ ರಾಘು? ನಿನಗ ಅಂಜಿಕೇನು?’

‘ಹೂಂ.’

ಅವಳು ನಗಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಧಡ್ ಎಂದಿತು, ಗಾಲಿ ಒಳಗೆ ಹೋದವು. ಮೋಡ ದಾಟಿದ ಮೇಲೆ ಅಲುಗಾಟ ನಿಂತಿತು. ಅವಳು ಡಬ್ಬಿ ತೆಗೆದು ಚಕ್ಕುಲಿ ಕೊಟ್ಟಳು, ತಾನೂ ಮುರಿದು ಬಾಯಿಗಿಟ್ಟುಕೊಂಡಳು. ನಾನು ಇಷ್ಟು ನಾಚಿಕೆಪಟ್ಟ ಮೇಲೆ ಇನ್ನಷ್ಟು ಪಟ್ಟರೆ ಏನಾದೀತು ಎಂದುಕೊಂಡೆನೋ ಏನೋ, ಅಥವಾ ಅವಳು ಹಿಡಿದ ಕೈ ಬಿಡದೇ ಇದ್ದದ್ದಕ್ಕೋ, ಬಾಯಿ ತೆರೆಯಿತು.

‘ಅಕ್ಕಾ, ಅವತ್ತ ವಿಮಾನ ರದ್ದಾಗಿರಲಿಲ್ಲ. ನಾನ ಹತ್ತಲಿಲ್ಲ.’

ಅಕ್ಕ ಕಿಡಕಿಯಾಚೆ ನೋಡುತ್ತ ಚಕ್ಕುಲಿ ಅಗಿಯುತ್ತಿದ್ದಳು. ‘ಗೊತ್ತದ’ ಎಂದಳು.

‘ರಮಾ ಹೇಳಿದಳೇನು?’

‘ಇಲ್ಲ. ಗುರು ಅದ ವಿಮಾನದಾಗ ಬಂದ. ನಿಲ್ದಾಣದಾಗ ನೀವಿಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ಬಂದ ಕೂಡ್ಲೆ ಕೇಳಿದ, ರಾಘುಮಾಮಾ ಎಲ್ಲಿ ಕಾಕು, ನಿಲ್ದಾಣದಾಗ ಅವರ ಹೆಸರು ಮೂರು ಸರ್ತೆ ಕೂಗಿದ್ರು, ಅಂತ. ಮನಿ ತುಂಬ ಮಂದಿ. ಎಲ್ಲಾರ ಮುಂದ ನಾ ಆಗಷ್ಟ ಹೇಳಿದ್ದೆ, ನನ್ನ ತಮ್ಮನ ವಿಮಾನ ರದ್ದಾಗೇದ ಅಂತ.’

ನನ್ನ ಕೈಯಲ್ಲಿದ್ದ ಚಕ್ಕುಲಿ ಹಾಗೇ ಉಳಿಯಿತು.

‘ನೀ ಏನಂದಿ?’

‘ರಾಘವೇಂದ್ರ ಕುಲಕರ್ಣಿ ಅಂತ ಓಣಿಗೊಬ್ಬಾಂವ ಇದ್ದಾನ, ಅದು ಬ್ಯಾರೆ ಯಾರೋ ಅಂದೆ. ಅಂವ ಬಿಡಲಿಲ್ಲ. ಸಣ್ಣ ಹುಡುಗನಂಗ ಹಟಾ ಹಿಡದ. ಅಂವಗೂ ತಲಿ ಕೆಟ್ಟಿತ್ತು ಅವತ್ತ. ನಾನೂ…’ ಎಂದು ನಿಂತಳು. ‘ಸುಳ್ಳ ಹೇಳಿ ನನ್ನ ತವರಿನ ಮರ್ಯಾದಿ ಕಳೀತಿಯೇನೋ, ನನ್ನ ಅನ್ನಾ ಉಂಡು ಬೆಳದಾಂವಾ, ಅಂದುಬಿಟ್ಟೆ. ಎಲ್ಲಾರ ಮುಂದ.’

ವಿಮಾನ ಸಣ್ಣಗೆ ಕುಲುಕಿತು. ನನಗೆ ಅದರ ಕಡೆ ಗಮನ ಹೋಗಲಿಲ್ಲ.

‘ಹದಿಮೂರು ದಿನಾ ಎಲ್ಲಾ ಮಾಡಿ ಹೋದ. ಮತ್ತ ನನ್ನ ಮನಿ ಮೆಟ್ಟಿಲಾ ಹತ್ತಿಲ್ಲ. ಫೋನೂ ಇಲ್ಲ. ಹೆಣ್ಣು ಹುಟ್ಟೇದಂತ ಬ್ಯಾರೆಯವರ ಕಡಿಂದ ಗೊತ್ತಾತು.’

‘ನನಗ್ಯಾಕ ಹೇಳಲಿಲ್ಲ ಅಕ್ಕಾ?’

‘ಏನಂತ ಹೇಳಲಿ? ನೀ ಹೇಳಬೇಕಾಗಿತ್ತು.’

ಅಷ್ಟೇ. ಸಿಟ್ಟೂ ಇರಲಿಲ್ಲ ದನಿಯಲ್ಲಿ. ನಾನು ಬಚ್ಚಲಿನಂಥ ಜಾಗದಲ್ಲಿ ಅಡಗಿಕೊಂಡು ಕಾಪಾಡಿಕೊಂಡ ನನ್ನ ಮಾನವನ್ನು ಆಕೆ ಹೆಣದ ಪಕ್ಕ ಕೂತು ಕಾಯ್ದಿದ್ದಳು, ಮಗನಂಥವನನ್ನು ಕಳೆದುಕೊಂಡು. ಮುಂದೆ ಇಳಿಯುವವರೆಗೆ ಫೋನು ಜೇಬಿನಲ್ಲೇ ಇತ್ತು. ಹೆದರಿಕೆ ಇತ್ತೋ ಇಲ್ಲವೋ ನೆನಪಿಲ್ಲ.

ಹುಬ್ಬಳ್ಳಿಯಲ್ಲಿ ರಮಾ ಕಾರು ತಂದಿದ್ದಳು. ‘ಹೆಂಗಾತಪ್ಪಾ?’ ಎಂದಳು. ‘ಶಿಗ್ಗಾಂವಕ್ಕ ಆಮ್ಯಾಲ ಹೋಗೂಣು. ಮೊದಲ ಗುರುನ ಮನೀಗೆ ನಡಿ’ ಎಂದೆ. ಅಕ್ಕ, ‘ಇವತ್ತ ಬ್ಯಾಡೋ’ ಎಂದಳು. ನಾನು ಕೇಳಲಿಲ್ಲ. ನಾಳೆ ಎಂದರೆ ನಾನು ಹೋಗುವವನಲ್ಲ ಎಂದು ನನ್ನನ್ನು ನಾನು ಬಲ್ಲೆ.

ಗುರು ಬಾಗಿಲು ತೆರೆದ. ಅಕ್ಕನನ್ನು ನೋಡಿ ಅವನ ಮುಖ ಬದಲಾಯಿತು, ಆದರೂ ‘ಬರ್ರಿ’ ಎಂದ. ರಮಾಳ ತೋಳು ಹಿಡಿದು ಅಕ್ಕ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ನಾನು ಕೂಡಲಿಲ್ಲ. ಕೂತರೆ ಏಳಲಾಗದೆ ಹವೆ, ಮಳೆ ಎಂದು ಮಾತು ಶುರುಮಾಡುತ್ತೇನೆಂಬ ಭಯ.

‘ಗುರು, ಅವತ್ತ ನಿಲ್ದಾಣದಾಗ ಕೂಗಿದ ಹೆಸರು ನಂದ. ನಾ ಶೌಚಾಲಯದಾಗ ಚಿಲಕಾ ಹಾಕ್ಕೊಂಡು ಕೂತಿದ್ದೆ. ಅಂಜಿಕಿ ಬಂದಿತ್ತು. ನಿಮ್ಮ ಕಾಕುಗ ಸುಳ್ಳ ಹೇಳಿದೆ’ ಎಂದೆ. ಇಷ್ಟು ದಿನ ಎಷ್ಟೋ ಉದ್ದ ಅನ್ನಿಸಿದ್ದ ಮಾತು ಇಷ್ಟರಲ್ಲೇ ಮುಗಿಯಿತು.

‘ನಾ ಹೆಸರು ಕೂಗೂ ಹುಡುಗಿಗೆ ಹೇಳಿದ್ದೆ ಮಾಮಾ, ಇನ್ನೆರಡು ನಿಮಿಷ ನಿಂದರ್ರಿ, ನಮ್ಮವರಿದ್ದಾರು ಅಂತ’ ಎಂದ ಗುರು. ಅವನ ದನಿ ಗಟ್ಟಿಯಾಗಿತ್ತು. ‘ಕಾಕಾನ ಮುಖಾ ನೋಡೂ ಅವಸರ ಇದ್ರೂ ನಿಮ್ಮನ್ನ ಬಿಟ್ಟ ಹೋಗಲಿಕ್ಕೆ ಮನಸ ಬರಲಿಲ್ಲ. ನಿಮ್ಮ ಹೆಸರು ಕೂಗಿದ್ರಂತ ಮನ್ಯಾಗ ಹೇಳಿದ್ದಕ್ಕ ನಾ ಸುಳ್ಳ ಆದೆ.’

ಅಷ್ಟರಲ್ಲಿ ಅಕ್ಕ ಕುರ್ಚಿಯ ಕೈ ಹಿಡಿದು, ನೋವು ನುಂಗಿಕೊಂಡು ಎದ್ದು ನಿಂತಳು. ಅರವತ್ತನಾಲ್ಕು ವರ್ಷದ ನನ್ನ ಅಕ್ಕ, ತಾನು ಎತ್ತಿ ಆಡಿಸಿದವನ ಎದುರು ನಿಂತಳು.

‘ಇಂವಂದು ಬಿಡು. ಆ ಮಾತು ಆಡಿದಾಕಿ ನಾನು, ಗುರು. ನೀ ಖರೇ ಹೇಳ್ತಿ ಅಂತ ಗೊತ್ತಿದ್ದ ಆಡಿದೆ. ತಪ್ಪಾತಪ್ಪಾ’ ಎಂದಳು.

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ನನ್ನ ತಪ್ಪನ್ನು ನಾನು ನಿಂತು ಹೇಳಿದ್ದೆ, ನಿಜ. ಆದರೆ ಅದರಿಂದ ಹುಟ್ಟಿದ ತಪ್ಪನ್ನು ಆ ಸವೆದ ಮೊಣಕಾಲಿನ ಮೇಲೆ ನಿಂತು ಅವಳೇ ಹೇಳಬೇಕಾಯಿತು. ಅದನ್ನು ಅವಳ ಬದಲು ಹೇಳುವ ಹಕ್ಕು ನನಗೆ ಇರಲಿಲ್ಲ.

ಗುರು ಎರಡು ಹೆಜ್ಜೆ ಬಂದು ಅವಳ ತೋಳು ಹಿಡಿದು ಕೂಡಿಸಿದ. ‘ಕಾಲು ಇಷ್ಟ ಯಾಕ ಬಾತಾವು?’ ಎಂದ. ಒಳಗೆ ಹೋದ. ಬಂದಾಗ ಅವನ ಕಂಕುಳಲ್ಲಿ ನಿದ್ದೆಗಣ್ಣಿನ ಒಂದು ಹೆಣ್ಣುಕೂಸು ಇತ್ತು, ವರ್ಷದ ಮೇಲಿನದು, ಒಂದು ಕಾಲಿಗೆ ಮಾತ್ರ ಗೆಜ್ಜೆ. ಅದನ್ನು ಅಕ್ಕನ ತೊಡೆಯ ಮೇಲೆ ಇಟ್ಟ. ಅಕ್ಕ ಅದರ ಕಾಲು, ಕೈ, ಕಿವಿ ಒಂದೊಂದನ್ನೇ ಮುಟ್ಟಿ ನೋಡಿದಳು, ತಡವಾಗಿ ಬಂದವರು ನೋಡುವಂತೆ.

ಕೂಸು ನನ್ನ ಕಡೆ ತಿರುಗಿ, ಏನು ತಿಳಿಯಿತೋ, ಎರಡೂ ಕೈ ಚಾಚಿತು. ‘ಎತ್ಕೋಳ್ರಿ ಮಾಮಾ’ ಎಂದಳು ಗುರುವಿನ ಹೆಂಡತಿ, ಚಹಾ ತಂದವಳು. ನಾನು ಗುರುವಿನ ಮುಖ ನೋಡಿದೆ. ಅವನು ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು, ‘ಇರ್ಲಿ, ಮೊದಲ ಅಕ್ಕ ಮನಸು ತುಂಬ ಆಡಿಸ್ಲಿ’ ಎಂದೆ.